ಮಾವನ ಸ್ವರದಲ್ಲಿ ಒಂದು ‘ಆಯ್ತು’

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮೂರ್ಖತನ ನನ್ನದೇ. ನೀವು ಅರ್ಧ ಓದಿದ ಮೇಲೆ ಕಂಡುಹಿಡಿದು ‘ಥೂ, ಇವನಾ’ ಎನ್ನುವುದಕ್ಕಿಂತ ಈಗಲೇ ಹೇಳಿ ಮರ್ಯಾದೆ ಕಳೆದುಕೊಳ್ಳುವುದು ಒಳ್ಳೆಯದು. ಹಡಗಿನ ಕೆಲಸಕ್ಕೆ ಹೋಗಲು ನನಗೆ ಒಪ್ಪಿಗೆ ಕೊಟ್ಟವನು ನಾನೇ. ಆದರೆ ಕೊಟ್ಟದ್ದು ನನ್ನ ಸ್ವರದಲ್ಲಲ್ಲ, ನನ್ನ ಸೋದರಮಾವನ ಸ್ವರದಲ್ಲಿ. ಮಾವನ ಹೋಟೆಲು ಮಾಟುಂಗದಲ್ಲಿದೆ. ಒಂದು ಮಧ್ಯಾಹ್ನ ಅವರು ಊಟ ಮುಗಿಸಿ ಮೇಲಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ ನಾನು ಗಲ್ಲಾದ ಪಕ್ಕದ ಫೋನು ಎತ್ತಿದೆ. ಸಾಂತಾಕ್ರೂಜಿನ ನಮ್ಮ ಮನೆಗೆ ಹಚ್ಚಿ, ಎರಡು ಸಲ ಗಂಟಲು ಕೆರೆದು, ಹೊಕ್ಕುಳಿನ ಕೆಳಗಿನಿಂದ ಸ್ವರ ಎಳೆದು, ಅಮ್ಮನ ಹತ್ತಿರ ಅದೂ ಇದೂ ನಾಲ್ಕು ಮಾತಾಡಿ ಕೊನೆಗೆ ಹೇಳಿದೆ: ‘ಆ ಹುಡುಗ ಹಡಗಿಗೆ ಹೋಗುವುದಾದರೆ ಹೋಗಲಿ. ಆಯ್ತು.’ ಆ ಕಡೆ ಅಮ್ಮ ಮಿಕ್ಸಿ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ‘ನೀನು ಹೇಳಿದ ಮೇಲೆ ಮುಗಿಯಿತಲ್ಲ ಅಣ್ಣ’ ಎಂದು ಫೋನಿಟ್ಟಳು. ನಾನು ಗಲ್ಲಾದ ಮೇಲಿದ್ದ ಗಣಪತಿಗೆ ಕೈಮುಗಿದೆ. ಗಣಪತಿ ಮಾವನ ಕಡೆಯವನೇ ಆದ್ದರಿಂದ ನನ್ನ ಮುಖ ನೋಡಲಿಲ್ಲ.

ಕೆಲಸಕ್ಕೆ ಹೋಗುವವನು ನಾನು, ಹೆತ್ತವರು ಅಪ್ಪ ಅಮ್ಮ, ನಡುವೆ ಮಾವನ ಒಪ್ಪಿಗೆ ಯಾಕೆ ಎಂದು ಘಟ್ಟದ ಮೇಲಿನವರು ಕೇಳಬಹುದು. ಉಡುಪಿ ಕಡೆಯ ನಮ್ಮ ಕುಟುಂಬದಲ್ಲಿ ವಂಶ ಹರಿಯುವುದು ತಾಯಿಯ ಕಡೆಯಿಂದ. ಅಪ್ಪ ಇರುತ್ತಾರೆ, ಪ್ರೀತಿಯಿಂದಲೇ ಇರುತ್ತಾರೆ. ಆದರೆ ದೊಡ್ಡ ವಿಷಯಗಳಲ್ಲಿ ಅವರ ಒಪ್ಪಿಗೆ ಸಿನಿಮಾಕ್ಕೆ ಮೊದಲು ತೋರಿಸುವ ಜಾಹೀರಾತಿನ ಹಾಗೆ. ತಪ್ಪಿಹೋದರೂ ಕಥೆಗೆ ನಷ್ಟವಿಲ್ಲ. ಕಥೆ ಶುರುವಾಗುವುದು ತಾಯಿಯ ಅಣ್ಣ ಬಾಯಿ ಬಿಟ್ಟ ಮೇಲೆ. ನಮ್ಮ ಮಾವ ಬಾಯಿ ಬಿಡುವುದು ಸುಲಭದ ಕೆಲಸವಲ್ಲ. ನನ್ನ ಅಕ್ಕ ಬಿಜಾಪುರ ಕಡೆಯ ಬಸವರಾಜನನ್ನು ಮದುವೆಯಾಗುತ್ತೇನೆ ಎಂದಾಗ ಮಾವ ‘ನೋಡುವ’ ಎಂದಿದ್ದರು. ಆ ‘ನೋಡುವ’ ಹಣ್ಣಾಗಿ ‘ಆಯ್ತು’ ಎಂದು ಬೀಳುವಷ್ಟರಲ್ಲಿ ಬಸವರಾಜ ಭಾವನ ನೆತ್ತಿಯ ಮುಂದಿನ ಕೂದಲು ಪೂರ್ತಿ ಉದುರಿತ್ತು. ಮದುವೆಯ ಆಲ್ಬಮ್ಮಿನಲ್ಲಿ ಪೇಟ ಇಲ್ಲದ ಒಂದು ಫೋಟೋವೂ ಇಲ್ಲ. ನನ್ನ ವಿಷಯದಲ್ಲಂತೂ ಮಾವ ‘ನೋಡುವ’ ಎನ್ನುವ ಮಟ್ಟಕ್ಕೂ ಇಳಿಯುವವರಲ್ಲ. ಅವರಿಗೆ ಮಕ್ಕಳಿಲ್ಲ. ನಾನು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿದ್ದಾಗಲೇ ಬಗ್ಗಿ ನೋಡಿ, ‘ಇವ ನನ್ನ ಗಲ್ಲಾಕ್ಕೆ’ ಎಂದಿದ್ದರಂತೆ. ಬೇರೆ ಮಕ್ಕಳಿಗೆ ಜಾತಕ ಬರೆಸುತ್ತಾರೆ, ನನಗೆ ಕುರ್ಚಿ ಬರೆದಿಟ್ಟಿದ್ದರು. ನಾನು ಹುಟ್ಟಿದಾಗಿನಿಂದ ಗಲ್ಲಾದ ಮರೆಯ ಆ ಕುರ್ಚಿಯಲ್ಲಿ ಮಾವನ ಮೇಲಿನ ಅರ್ಧವನ್ನಷ್ಟೇ ನೋಡಿದ್ದೇನೆ. ಮಾವನೂ ಗಲ್ಲಾವೂ ಒಟ್ಟಿಗೆ ಹುಟ್ಟಿದವರು ಎಂದೇ ತುಂಬ ದಿನ ನಂಬಿದ್ದೆ.

ಇನ್ನು ನನ್ನ ಮಿಮಿಕ್ರಿ. ಅದು ಕಲಿತ ವಿದ್ಯೆಯಲ್ಲ, ಅಂಟಿಕೊಂಡ ಖಾಯಿಲೆ. ಯಾರಾದರೂ ನನ್ನ ಎದುರು ಐದು ನಿಮಿಷ ಮಾತಾಡಿದರೆ ಅವರ ಸ್ವರ ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತದೆ. ನಮ್ಮ ಬಿಲ್ಡಿಂಗಿನ ಸೆಕ್ರೆಟರಿಯ ಸ್ವರದಲ್ಲಿ ‘ಪಾನಿ ಬಂದ್’ ಎಂದು ಕೂಗಿ ಇಡೀ ಬಿಲ್ಡಿಂಗು ಬಕೆಟ್ ಹಿಡಿದು ಓಡುವ ಹಾಗೆ ಮಾಡಿದ್ದೇನೆ. ಲೋಕಲ್ ಟ್ರೈನಿನ ಅನೌನ್ಸ್‌ಮೆಂಟಿನ ಸ್ವರ ತೆಗೆದು ನಿದ್ದೆಯಲ್ಲಿದ್ದ ಅಪ್ಪನನ್ನು ಸೋಫಾದಿಂದ ಇಳಿಸಿದ್ದೇನೆ. ಹಡಗಿನ ಕೆಲಸ ಸಿಕ್ಕಿದ್ದೂ ಇದರಿಂದಲೇ. ಇಂಟರ್‌ವ್ಯೂನಲ್ಲಿ ‘ಒಬ್ಬ ಅತಿಥಿಯನ್ನು ಸ್ವಾಗತಿಸಿ ತೋರಿಸು’ ಎಂದರು. ನನ್ನ ಇಂಗ್ಲಿಷಿನ ಮೇಲೆ ನನಗೆ ಭರವಸೆ ಇರಲಿಲ್ಲ. ಹಾಗಾಗಿ ಬಾಗಿಲಲ್ಲಿ ನನ್ನನ್ನು ಸ್ವಾಗತಿಸಿದ್ದ ಅವರದೇ ಮೇಡಂ ಸ್ವರದಲ್ಲಿ ಸ್ವಾಗತಿಸಿದೆ. ಮೇಡಂ ಕೆಂಪಾದರು, ಉಳಿದವರು ನಕ್ಕರು, ನಾನು ಸೆಲೆಕ್ಟ್ ಆದೆ. ಊಟದ ಹಾಲಿನಲ್ಲಿ ಸ್ಟೂವರ್ಡ್. ಅಂದರೆ ವೇಟರೇ, ಆದರೆ ಕೊರಳಿಗೆ ಬೋ ಟೈ ಹಾಕಿಕೊಂಡವನು.

ಕಂಪನಿಯವರು ಆ ಹಡಗಿನ ವಿಡಿಯೋ ತೋರಿಸಿದ ದಿನವನ್ನು ನಾನು ಮರೆಯುವುದಿಲ್ಲ. ನಮ್ಮ ಬಿಲ್ಡಿಂಗನ್ನು ಕಿತ್ತು, ಅದರ ಮೇಲೆ ಪಕ್ಕದ ಬಿಲ್ಡಿಂಗನ್ನು ಇಟ್ಟು, ಅದರ ಮೇಲೆ ಎದುರಿನ ವಠಾರದ ಚಾಳು ಇಟ್ಟರೂ ಹಡಗಿನ ಚಿಮಣಿ ಇನ್ನೂ ಮೇಲೆಯೇ ಇರುತ್ತದೆ. ಒಳಗೆ ಥಿಯೇಟರು, ತೋಟ, ನೀರಿನ ಮೇಲೆ ತೇಲುವ ಹಡಗಿನೊಳಗೆ ಮತ್ತೆ ಈಜುವ ಕೊಳ. ಊಟದ ಹಾಲಿನ ನಡುವೆ ಎರಡು ಮಾಳಿಗೆ ಎತ್ತರದಿಂದ ಇಳಿದ ಗಾಜಿನ ದೀಪ. ಇಂಥದ್ದೊಂದು ಊರೇ ಲಂಗರು ಎತ್ತಿಕೊಂಡು ಹೊರಡುತ್ತದೆ, ಅದರೊಳಗೆ ನಾನೂ ಒಬ್ಬ ಊರಿನವನಾಗುತ್ತೇನೆ ಎಂದು ಯೋಚಿಸಿ ಬಾಯಿ ತೆರೆದು ನೋಡುತ್ತಾ ಕೂತೆ. ಯಾರ ಸ್ವರವೂ ಬರಲಿಲ್ಲ, ನನ್ನದೂ ಬರಲಿಲ್ಲ.

ಹೊರಡಲು ಒಂದು ವಾರ ಇದ್ದಾಗ ಅಮ್ಮ ಘೋಷಿಸಿದಳು: ‘ಭಾನುವಾರ ಎಲ್ಲರ ಮನೆಗೂ ಹೋಗಿ ಹೇಳಿ ಬರುವ. ಮೀರಾ ರೋಡಿನ ಚಿಕ್ಕಮ್ಮ, ಬೈಕುಲ್ಲಾದ ಅಣ್ಣು ಅಜ್ಜ, ಕೊನೆಗೆ ಮಾಟುಂಗದ ಅಣ್ಣ. ಒಪ್ಪಿಗೆ ಕೊಟ್ಟವನ ಕಾಲಿಗೆ ಬಿದ್ದು ಅಲ್ಲಿಂದಲೇ ಮನೆಗೆ.’ ನನ್ನ ಕಾಲ ಕೆಳಗಿನ ಟೈಲ್ಸ್ ಜಾರಿತು. ‘ಮಾವನಿಗೆ ಫೋನಲ್ಲೇ ಹೇಳಿದರೆ ಸಾಲದಾ ಅಮ್ಮ?’ ಎಂದೆ. ‘ಸಾಲುವುದಿಲ್ಲ’ ಎಂದಳು. ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಅಪ್ಪ ‘ನನಗೆ ಭಾನುವಾರವೂ ರಜೆ ಇಲ್ಲ’ ಎಂದರು. ನಾನು ಮೊದಲೇ ಹೇಳಿದೆನಲ್ಲ, ಜಾಹೀರಾತು.

ಹೋಗುವುದು ಬಸವರಾಜ ಭಾವನ ವ್ಯಾನಿನಲ್ಲಿ. ಭಾವ ಮತ್ತು ಅಕ್ಕ ಇಡ್ಲಿ ದೋಸೆಯ ಹಿಟ್ಟು ರುಬ್ಬಿ ಸಾಂತಾಕ್ರೂಜಿನಿಂದ ದಾದರಿನವರೆಗೆ ಹೋಟೆಲುಗಳಿಗೆ ಹಾಕುತ್ತಾರೆ. ವ್ಯಾನಿನೊಳಗೆ ವರ್ಷಗಳಿಂದ ಚೆಲ್ಲಿದ ಹಿಟ್ಟಿನ ಹುಳಿ ವಾಸನೆ ಹೊಕ್ಕು ಕೂತಿದೆ. ಅದರಲ್ಲಿ ಅರ್ಧ ಗಂಟೆ ಕೂತರೆ ನಾವೇ ಉಬ್ಬಿ ಬಂದಂತೆ ಅನಿಸುತ್ತದೆ. ಅಕ್ಕನಿಗೆ ಗ್ರೈಂಡರ್ ಬಿಟ್ಟು ಬರಲಾಗಲಿಲ್ಲ. ಮುಂದೆ ಭಾವ ಮತ್ತು ಅಮ್ಮ, ಹಿಂದೆ ಹಿಟ್ಟಿನ ಡಬ್ಬಗಳು ಇರುವ ಜಾಗದಲ್ಲಿ ಸ್ಟೂಲು ಹಾಕಿಕೊಂಡು ನಾನು. ದೇಶಾಂತರ ಹೊರಟವನ ಮೆರವಣಿಗೆ ಹೀಗಿತ್ತು. ವ್ಯಾನಿನಲ್ಲಿ ಮಾತೆಲ್ಲ ಕನ್ನಡದಲ್ಲೇ. ಮನೆಯಲ್ಲಿ ನಾವು ತುಳು ಮಾತಾಡುವವರು, ಭಾವನಿಗೆ ತುಳು ಬರುವುದಿಲ್ಲ. ಅವರು ಮನೆಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಕನ್ನಡ ರಾಜ್ಯ ಸ್ಥಾಪನೆಯಾಯಿತು.

ಲೋಕಲ್ಲಿನಲ್ಲೇ ಓಡಾಡುವವನಿಗೆ ಮುಂಬೈ ಎಂದರೆ ಸ್ಟೇಷನ್ನುಗಳ ಹೆಸರು ಅಷ್ಟೇ. ನಡುವೆ ಏನಿದೆ ಎಂದು ಯಾರಿಗೆ ಗೊತ್ತು? ಎದುರಿನವನ ಕಂಕುಳಿದೆ ಎಂದಷ್ಟೇ ಗೊತ್ತು. ಅವತ್ತು ಹೈವೇಯಲ್ಲಿ ಹೋಗುವಾಗ ಹಿಂಬಾಗಿಲ ಸಂದಿಯಿಂದ ಊರು ಬಿಚ್ಚಿಕೊಳ್ಳುತ್ತಾ ಹೋಯಿತು. ಒಂದು ಕಡೆ ಗುಡ್ಡ, ಗುಡ್ಡದ ಬುಡದಲ್ಲಿ ಬಿಲ್ಡಿಂಗುಗಳ ಕಾಡು, ಆಮೇಲೆ ಒಮ್ಮೆಗೇ ಉಪ್ಪಿನ ಗದ್ದೆಗಳ ಬೆಳ್ಳಗಿನ ಹೊಳಪು. ಹುಟ್ಟಿ ಬೆಳೆದ ಊರನ್ನು ಬಿಟ್ಟು ಹೋಗುವ ವಾರದಲ್ಲಿ ಮೊದಲ ಸಲ ನೋಡುತ್ತಿದ್ದೇನಲ್ಲ ಎಂದು ಆಶ್ಚರ್ಯವಾಯಿತು. ಆಶ್ಚರ್ಯ ಪಡುತ್ತಿರುವಾಗಲೇ ಸ್ಪೀಡ್ ಬ್ರೇಕರ್ ಬಂದು ತಲೆ ತಗಡಿಗೆ ಹೊಡೆಯಿತು.

ಮೀರಾ ರೋಡಿನಲ್ಲಿ ಚಿಕ್ಕಮ್ಮ ನೀರುದೋಸೆ, ಕೋಳಿ ಸಾರು ಮಾಡಿಟ್ಟು ಕಾಯುತ್ತಿದ್ದಳು. ಅಮ್ಮ ಚಪ್ಪಲಿ ಬಿಡುವ ಮೊದಲೇ ಸುದ್ದಿ ಬಿಟ್ಟಳು: ‘ಅಣ್ಣ ಒಪ್ಪಿದ.’

‘ಯಾವ ಅಣ್ಣ?’ ಎಂದಳು ಚಿಕ್ಕಮ್ಮ.

‘ನಮಗೆ ಇರುವುದು ಒಬ್ಬನೇ ಅಲ್ಲವಾ?’

ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಸೋಫಾದಲ್ಲಿ ಕೂತಳು. ‘ನಮ್ಮ ಅಣ್ಣ? ನನ್ನನ್ನು ಟೈಪಿಂಗ್ ಕ್ಲಾಸಿಗೂ ಕಳಿಸದವನು? ಅವನು ಹಡಗಿಗೆ ಒಪ್ಪಿದ?’

‘ಅವನೇ ಫೋನು ಮಾಡಿದ ಮಾರಾಯ್ತಿ. ಎಷ್ಟು ಚಂದ ಮಾತಾಡಿದ ಗೊತ್ತುಂಟಾ! ಹುಡುಗ ಪ್ರಪಂಚ ನೋಡಲಿ, ನಾನಂತೂ ಗಲ್ಲಾದ ಹಿಂದೆ ಹಣ್ಣಾದೆ ಅಂದ.’

ನಾನು ದೋಸೆಯ ನಡುವೆ ಬೆಚ್ಚಿದೆ. ಪ್ರಪಂಚ ಗಿಪಂಚ ನಾನು ಹೇಳಿರಲಿಲ್ಲ. ನನ್ನ ಸಂಭಾಷಣೆಗೆ ಅಮ್ಮ ಮಸಾಲೆ ಹಾಕುತ್ತಿದ್ದಳು. ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, ‘ಈಗಲೇ ಫೋನು ಮಾಡಿ ಅಣ್ಣನಿಗೆ ಥ್ಯಾಂಕ್ಸ್ ಹೇಳ್ತೇನೆ’ ಎಂದು ಮೊಬೈಲು ಎತ್ತಿದಳು. ನನ್ನ ಗಂಟಲಲ್ಲಿ ಕೋಳಿಯ ಕಾಲು ಅಡ್ಡ ನಿಂತಿತು. ಫೋನು ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮಾವ ಯಮನ ಫೋನು ಬಂದರೂ ಎತ್ತುವವರಲ್ಲ. ‘ಸಂಜೆ ಮಾಡ್ತೇನೆ’ ಎಂದು ಚಿಕ್ಕಮ್ಮ ಇಟ್ಟಳು. ಚಿಕ್ಕಮ್ಮನ ಮಗಳು ಕಾಲೇಜಿಗೆ ಹೋಗುವವಳು, ಕನ್ನಡ ಹುಡುಕಿ ಹುಡುಕಿ ಮಾತಾಡುತ್ತಾಳೆ. ‘ದಾದಾ, ಶಿಪ್ ಜೋರು ಹಿಲಿದರೆ... ಅಲ್ಲಾಡಿದರೆ, ನಿನ್ನ ಕೈಯಲ್ಲಿ ಸೂಪ್ ಇದ್ದರೆ, ಫಿರ್ ಕ್ಯಾ?’ ಎಂದು ಕೇಳಿದಳು. ಮಾಟುಂಗ ತಲುಪುವವರೆಗೆ ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದ ಒಂದೇ ಪ್ರಶ್ನೆ ಅದು. ನಾನು ಇನ್ನೊಂದು ದೋಸೆ ಹಾಕಿಸಿಕೊಂಡೆ.

ವಾಪಸು ಬರುವಾಗ ನನ್ನ ಸ್ಟೂಲಿನ ಸುತ್ತ ಉಪ್ಪಿನಕಾಯಿಯ ಭರಣಿ, ಹಪ್ಪಳದ ಕಟ್ಟು, ಸಾರಿನ ಪುಡಿ. ಹಡಗಿಗೆ ಇವೆಲ್ಲ ಬಿಡುವುದಿಲ್ಲ ಎಂದರೆ ಚಿಕ್ಕಮ್ಮ, ‘ಕ್ಯಾಪ್ಟನ್ನಿಗೂ ಸ್ವಲ್ಪ ಕೊಡು, ಬಿಡ್ತಾನೆ’ ಎಂದಿದ್ದಳು. ಪೆಟ್ರೋಲು ಹಾಕಿಸಲು ನಿಂತಾಗ ಅಮ್ಮ ಕೈಕಾಲು ತೊಳೆಯಲು ಇಳಿದಳು. ನಾನು ಭಾವನ ಕಿವಿಯಲ್ಲಿ ಎಲ್ಲವನ್ನೂ ಉಸುರಿ, ‘ಹೇಗಾದರೂ ಮಾಡಿ ವ್ಯಾನು ಕೆಡಿಸಿಬಿಡಿ ಭಾವ, ಮಾಟುಂಗ ತಲುಪಬಾರದು’ ಎಂದು ಬೇಡಿಕೊಂಡೆ. ಭಾವ ಸ್ಟೇರಿಂಗಿನ ಮೇಲೆ ತಲೆ ಇಟ್ಟು ನಗತೊಡಗಿದರು. ನಕ್ಕು ನಕ್ಕು ಹಾರ್ನ್ ಆಯಿತು. ಕೊನೆಗೆ ಕಣ್ಣೊರೆಸಿಕೊಂಡು ತಮ್ಮ ಬೋಳು ನೆತ್ತಿ ಸವರಿ, ನಿಜವಾದ ದುಃಖದಿಂದ ಹೇಳಿದರು: ‘ಲೇ ತಮ್ಮಾ, ಈ ವಿದ್ಯಾ ಇಟಗೊಂಡು ನನ್ನ ಮದುವಿ ಟೈಮಿಗೆ ಎಲ್ಲಿ ಸತ್ತಿದ್ದೆಲೇ? ನನ್ನ ಕೂದಲರ ಉಳೀತಿದ್ವು.’

‘ಈಗ ಏನು ಮಾಡಲಿ ಹೇಳಿ.’

‘ಏನ್ ಮಾಡ್ತಿ? ಹೋಗೂದು, ಬೈಸ್ಕೊಳ್ಳೂದು. ನಿಮ್ಮ ಮಾವ ಬೈಯಾಕ ಹತ್ತಿದ್ರ ಅರ್ಧಾ ತಾಸು. ಆಮೇಲೆ ಅವರಿಗೇ ದಮ್ಮು ಹತ್ತತೈತಿ.’

‘ಬೈದರೆ ಬೈಯಲಿ. ಬೇಡ ಅಂದರೆ?’

ಭಾವ ಪೆಟ್ರೋಲಿನ ದುಡ್ಡು ಎಣಿಸತೊಡಗಿದರು. ಮಾವ ಬೇಡ ಎಂದರೆ ಬೇಡ. ಅಮ್ಮ ತನ್ನ ಜನ್ಮದಲ್ಲಿ ಅಣ್ಣನ ಮಾತು ಮೀರಿದವಳಲ್ಲ. ಬೋ, ಗಾಜಿನ ದೀಪ, ಲಂಗರು ಎಲ್ಲ ಅಲ್ಲಿಗೇ ಮುಗಿಯಿತು. ನಾನು ಆ ಎತ್ತರದ ಕುರ್ಚಿಯಲ್ಲಿ ಕೂತು, ನಿಧಾನವಾಗಿ, ಕೆಳಗಿನ ಅರ್ಧ ಕಳೆದುಕೊಳ್ಳುತ್ತೇನೆ.

ಬೈಕುಲ್ಲಾದ ಅಣ್ಣು ಅಜ್ಜ ಎಂದರೆ ನನ್ನ ಅಜ್ಜಿಯ ತಮ್ಮ. ಅಂದರೆ ಮಾವನಿಗೇ ಮಾವ. ಮಾವ ಈ ಭೂಮಿಯ ಮೇಲೆ ಎದ್ದು ನಿಂತು ಮಾತಾಡುವ ಒಬ್ಬನೇ ಮನುಷ್ಯ. ಹಳೆಯ ಚಾಳಿನಲ್ಲಿ, ಕೆಳಗೆ ತಗಡು ಬಡಿಯುವ ವರ್ಕ್‌ಶಾಪು ಇರುವ ಕೋಣೆಯಲ್ಲಿ, ತಂಗಿಯ ಮಗನ ಸಂಸಾರದ ಜೊತೆ ಇದ್ದಾರೆ. ಕಿವಿ ಪೂರ್ತಿ ಕೇಳುವುದಿಲ್ಲ. ಆ ಬಡಿತದ ಮೇಲೆ ಮನೆ ಮಾಡಿದ ಮನುಷ್ಯನಿಗೆ ಅದು ವರವೇ. ಅಮ್ಮ ಅವರ ಕಿವಿಗೆ ಬಾಯಿ ಹಚ್ಚಿ ಹೇಳಿದಳು. ಇಲ್ಲಿಗೆ ಬರುವಷ್ಟರಲ್ಲಿ ನನ್ನ ಫೋನಿನ ಮಾತು ಇನ್ನಷ್ಟು ಬೆಳೆದಿತ್ತು. ಮಾವ ಗದ್ಗದರಾಗಿದ್ದರಂತೆ. ‘ನನ್ನ ಹೋಟೆಲಿಗಾಗಿ ಹುಡುಗನ ಆಸೆ ಕಟ್ಟಿಹಾಕಲಾರೆ’ ಎಂದಿದ್ದರಂತೆ. ಮೂಲ ಕಲಾವಿದನಾದ ನನಗೇ ರೋಮಾಂಚನವಾಯಿತು. ಪಾಪ, ನನ್ನ ಅಮ್ಮ ಎಷ್ಟು ನಂಬಿಬಿಟ್ಟಿದ್ದಾಳೆ ಎಂದುಕೊಂಡೆ.

ಅಜ್ಜ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ಹಡಗಾ? ನಡೆ, ತೋರಿಸುತ್ತೇನೆ’ ಎಂದು ಟೊಪ್ಪಿ ಹಾಕಿಕೊಂಡು ಎದ್ದರು. ಯಾರ ಮಾತೂ ಕೇಳಲಿಲ್ಲ, ಕೇಳುವುದೂ ಇಲ್ಲವಲ್ಲ. ಅವರನ್ನು ಮುಂದೆ ಕೂರಿಸಿ, ಅಮ್ಮ ನನ್ನ ಜೊತೆ ಹಿಂದೆ ಉಪ್ಪಿನಕಾಯಿಗಳ ನಡುವೆ ಕೂತು, ವ್ಯಾನು ಭಾವುಚಾ ಧಕ್ಕಾಕ್ಕೆ ಹೋಯಿತು. ಬೈಕುಲ್ಲಾದಿಂದ ದೂರವಿಲ್ಲದ ಹಳೆಯ ಬಂದರುಕಟ್ಟೆ. ಈಗ ಮೀನಿನ ದೋಣಿಗಳೂ ಫೆರಿಗಳೂ ಇರುವ ಜಾಗ. ನನಗೆ ಸಮುದ್ರ ಎಂದರೆ ಜುಹು ಬೀಚಿನಲ್ಲಿ ಭೇಲ್ ತಿನ್ನುವಾಗ ಹಿಂದೆ ಕಟ್ಟಿದ ಪರದೆ. ಇಲ್ಲಿ ಹಾಗಿರಲಿಲ್ಲ. ಐಸಿನ ನೀರು, ಡೀಸೆಲ್ಲು, ಮೀನು, ಕೂಗಾಟ, ಅದರಾಚೆ ಬೂದು ನೀರು, ನೀರಿನ ತುದಿಯಲ್ಲಿ ಸಾಲಾಗಿ ನಿಂತ ದೊಡ್ಡ ದೊಡ್ಡ ಹಡಗುಗಳು. ಅಲ್ಲಾಡದೆ, ಸದ್ದಿಲ್ಲದೆ, ಯಾರಿಗೂ ಕಾಯದವರ ಹಾಗೆ ನಿಂತಿದ್ದವು.

‘ಇಲ್ಲೇ ಇಳಿದದ್ದು ನಾನು’ ಎಂದು ಅಜ್ಜ ಕೋಲಿನಿಂದ ನೆಲ ಕುಟ್ಟಿದರು. ‘ಮಂಗಳೂರಿನಿಂದ ಸ್ಟೀಮರು. ಮೇಲಿನ ಡೆಕ್ಕು, ಚಾಪೆ, ತಲೆಯಡಿಗೆ ದಿಂಬಿನ ಬದಲು ಒಂದು ದಪ್ಪ ಸೌತೆಕಾಯಿ. ಎರಡನೇ ದಿನ ಅದನ್ನೂ ಯಾರೋ ಪದಾರ್ಥ ಮಾಡಿ ತಿಂದರು. ಬೊಂಬಾಯಿ ಕಾಣ್ತದೆ ಅಂತ ಒಬ್ಬ ಕೂಗಿದ. ಅಷ್ಟೂ ಜನ ಎದ್ದು ಒಂದೇ ಬದಿಗೆ ಓಡಿದೆವು. ಹಡಗು ಹೀಗೆ ವಾಲಿತು ಮಾರಾಯ!’ ಅಜ್ಜ ತಾವೂ ವಾಲಿದರು, ಭಾವ ಹಿಡಿದುಕೊಂಡರು. ‘ಮೇಲಿನಿಂದ ಸಾರಂಗ, ಖಲಾಸಿಗಳ ಯಜಮಾನ, ಬೈಯುತ್ತಾ ಇದ್ದಾನೆ, ಅರ್ಧ ಜನ ಆ ಕಡೆ ಹೋಗಿ, ಮುಳುಗ್ತದೆ ಅಂತ. ಒಬ್ಬ ಹೋಗಬೇಕಲ್ಲ! ಹೋದವನಿಗೆ ಬೊಂಬಾಯಿ ಕಾಣುವುದಿಲ್ಲ. ಮುಳುಗಿದರೆ ನೋಡಿಯೇ ಮುಳುಗುವ ಅಂತ ನಿಂತೆವು.’

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮಾಟುಂಗದ ಹೋಟೆಲು, ಮೀರಾ ರೋಡಿನ ಸೋಫಾ, ಸಾಂತಾಕ್ರೂಜಿನ ನಮ್ಮ ಟೈಲ್ಸು ಎಲ್ಲವೂ ಆ ವಾಲಿದ ಹಡಗಿನಿಂದ ಇಳಿದು ಬಂದವು. ಅಜ್ಜ ಮೊದಲು ಬಂದು, ತಾಟು ತೊಳೆದು, ಆಮೇಲೆ ಮಾವನನ್ನು ಕರೆಸಿಕೊಂಡರು. ಮಾವ ಅಮ್ಮನನ್ನು ಕರೆಸಿಕೊಂಡರು. ಅಜ್ಜನ ಮುಖ ನೀರಿನ ಕಡೆ ತಿರುಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಅವರ ಸ್ವರ ನನ್ನ ಗಂಟಲಿಗೆ ಬರುತ್ತಿತ್ತು. ನಾನೇ ನುಂಗಿಕೊಂಡೆ.

ಅಷ್ಟರಲ್ಲಿ ಅಜ್ಜ ಭಾವನ ಮೊಬೈಲು ಕಸಿದುಕೊಂಡು, ‘ಶೇಖರನಿಗೆ ಹಚ್ಚು’ ಎಂದರು. ಶೇಖರ ಎಂದರೆ ಮಾವ. ಭಾವ ನನ್ನ ಮುಖ ನೋಡಿ, ನಾನು ತಲೆ ಅಲ್ಲಾಡಿಸುವುದನ್ನು ನೋಡಿ, ಹಚ್ಚಿಯೇ ಕೊಟ್ಟರು. ಊಟದ ಹೊತ್ತು ಮುಗಿದಿತ್ತು, ಮಾವ ಎತ್ತಿಯೇಬಿಟ್ಟರು. ಅಜ್ಜ ಇಡೀ ಬಂದರಿಗೆ ಕೇಳುವ ಹಾಗೆ ಕೂಗಿದರು: ‘ಶೇಖರಾ! ದೊಡ್ಡ ಮನಸ್ಸು ಮಾಡಿದೆ! ನಿನ್ನಲ್ಲಿ ಇಂಥ ದೇವರಂಥ ಗುಣ ಉಂಟು ಅಂತ ನಾನು ತಿಳಿದಿರಲಿಲ್ಲ!’ ಆ ಕಡೆಯಿಂದ ಮಾವ ಏನೋ ಹೇಳುತ್ತಿರುವುದು ನಮಗೂ ಕೇಳಿಸುತ್ತಿತ್ತು. ‘ಏನು? ಏನು? ಕೇಳುವುದಿಲ್ಲ! ಹುಡುಗ ಅಂತೂ ಖುಷಿಯಲ್ಲಿದ್ದಾನೆ! ಇಡ್ತೇನೆ!’ ಎಂದು ಅಜ್ಜ ಫೋನನ್ನು ವಾಪಸು ಕೊಟ್ಟರು. ಅಮ್ಮ ಸಮುದ್ರ ನೋಡುತ್ತಾ ನಿಂತಿದ್ದಳು.

ಅಜ್ಜನನ್ನು ಮನೆಗೆ ಬಿಟ್ಟು ಮಾಟುಂಗಕ್ಕೆ ಬಂದಾಗ ಸಂಜೆ. ಸ್ಟೇಷನ್ನಿನ ಹೊರಗೆ ಹೂವಿನವರು ಮಲ್ಲಿಗೆ ಮೊಳ ಹಾಕುತ್ತಿದ್ದರು. ಹೋಟೆಲಿನಲ್ಲಿ ಟೇಬಲ್ಲುಗಳೆಲ್ಲ ತುಂಬಿದ್ದವು. ಗಲ್ಲಾದ ಹಿಂದೆ ಮಾವನ ಮೇಲಿನ ಅರ್ಧ. ನಮ್ಮನ್ನು ಕಂಡು ಅವರು ಮಾಡಿದ್ದು ಎಂಥದ್ದು ಗೊತ್ತೇ? ಎದ್ದು ನಿಂತರು. ಈಚೆ ಬಂದರು. ಅವರಿಗೆ ಕಾಲುಗಳಿದ್ದವು, ಅವುಗಳ ಮೇಲೆ ಬಿಳಿ ಪಂಚೆ ಇತ್ತು. ನಾವು ಫ್ಯಾಮಿಲಿ ಕಂಪಾರ್ಟ್‌ಮೆಂಟಿನ ಟೇಬಲ್ಲಿಗೆ ಹೋಗಿ ಕೂತ ಮೇಲೆ ಎದುರು ಕುರ್ಚಿ ಎಳೆದು ಕೂತು, ಬಹಳ ಮೆಲ್ಲಗೆ ಶುರು ಮಾಡಿದರು.

‘ಮಧ್ಯಾಹ್ನದಿಂದ ಫೋನು. ಮೀರಾ ರೋಡಿನವಳು ಅಳುತ್ತಾ ಥ್ಯಾಂಕ್ಸ್ ಅಂದಳು. ಅಣ್ಣು ಮಾವ ನನ್ನನ್ನು ದೇವರು ಅಂದರು. ನಾನು ಯಾವಾಗ ದೇವರಾದೆ? ನನಗೆ ಗೊತ್ತಾಗದ ಹಾಗೆ?’ ಆಮೇಲೆ ನನ್ನ ಕಡೆ ತಿರುಗಿದರು. ‘ನಾನು ನಿನ್ನ ಅಮ್ಮನಿಗೆ ಫೋನು ಮಾಡಿದ್ದೇ ಇಲ್ಲ. ಯಾರು ಮಾಡಿದ್ದು?’

ನಾನು ಉಪ್ಪಿನ ಡಬ್ಬಿ ನೋಡುತ್ತಾ, ‘ನಾನು’ ಎಂದೆ. ನನ್ನದೇ ಸ್ವರ, ಬಹಳ ಸಣ್ಣದು.

‘ಹೇಗೆ ಮಾಡಿದೆ? ಮಾಡು ನೋಡುವ.’

‘ಬೇಡ ಮಾವ.’

‘ಮಾಡು!’

ಎರಡು ಸಲ ಗಂಟಲು ಕೆರೆದೆ. ಹೊಕ್ಕುಳಿನ ಕೆಳಗಿನಿಂದ ಎಳೆದೆ. ‘ಏಯ್, ಆ ಮೂಲೆಯ ಟೇಬಲು ಯಾರಪ್ಪ ಒರೆಸುವುದು?’ ಎಂದೆ. ನಮಗೆ ಬೆನ್ನು ಹಾಕಿ ನಿಂತಿದ್ದ ಹಳೆಯ ವೇಟರ್ ತಿರುಗಿಯೂ ನೋಡದೆ, ‘ಒರೆಸಿದೆ ಸೇಟ್’ ಎಂದು ಓಡಿಹೋಗಿ ಮೂಲೆಯ ಟೇಬಲು ಒರೆಸತೊಡಗಿದ. ಅಲ್ಲಿ ಕೂತು ಊಟ ಮಾಡುತ್ತಿದ್ದವರ ತಾಟು ಎತ್ತಿಯೇ ಒರೆಸಿದ. ಮಾವ ಅವನನ್ನು ನೋಡಿದರು, ನನ್ನ ಬಾಯಿ ನೋಡಿದರು, ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು. ‘ನಾನು ಹೀಗಾ ಇರುವುದು?’ ಎಂದು ಭಾವನನ್ನು ಕೇಳಿದರು. ಭಾವ ವಿನಯದಿಂದ, ‘ಥೇಟ್ ಹಿಂಗರೀ ಮಾವಾರ’ ಎಂದರು.

ವೇಟರೊಬ್ಬ ಕಾಫಿ ತಂದಿಟ್ಟ. ‘ಆ ಹಡಗಿನಲ್ಲಿ ಒಂದು ಪಂಕ್ತಿಗೆ ಎಷ್ಟು ಜನ?’ ಎಂದು ಮಾವ ಇದ್ದಕ್ಕಿದ್ದಂತೆ ಕೇಳಿದರು. ಹೇಳಿದೆ. ಅವರ ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತು. ‘ಒಂದೇ ಸಲಕ್ಕಾ? ಅಷ್ಟು ಜನಕ್ಕೆ ಸಾಂಬಾರು ಯಾವುದರಲ್ಲಿ ಮಾಡ್ತಾರೆ?’

‘ಸಾಂಬಾರು ಇಲ್ಲ ಮಾವ.’

‘ಮತ್ತೆ ಎಂತ ತಿಂತಾರೆ?’ ಎಂದು ಕೇಳುವಾಗ ಆ ಮುಖದಲ್ಲಿ ಸಿಟ್ಟು ಇರಲೇ ಇಲ್ಲ. ವಿಡಿಯೋ ನೋಡಿದ ದಿನ ನನ್ನ ಮುಖ ಹೇಗಿತ್ತೋ ಹಾಗೇ ಇತ್ತು. ಒಂದೇ ಕ್ಷಣ. ಆಮೇಲೆ ತಾನು ಯಾರು ಎಂಬುದು ಮಾವನಿಗೆ ನೆನಪಾಯಿತು. ಕೈಯನ್ನು ಟೇಬಲ್ಲಿಗೆ ಬಡಿದರು. ಕಾಫಿಯ ಲೋಟಗಳು ಹಾರಿದವು. ‘ಇದೆಲ್ಲ ನಡೆಯುವುದಿಲ್ಲ. ಒಪ್ಪಿಗೆ ಕೊಟ್ಟದ್ದು ನಾನಲ್ಲ. ಹಾಗಾಗಿ ಒಪ್ಪಿಗೆ ಇಲ್ಲ. ನಾಳೆಯಿಂದ ಇವ ಗಲ್ಲಾದಲ್ಲಿ ಕೂರಲಿ. ನನ್ನ ಸ್ವರ ಹೇಗೂ ಬರ್ತದಲ್ಲ!’ ಎಂದವರು ಅಮ್ಮನ ಕಡೆ ತಿರುಗಿದರು. ‘ಇವ ಕೋತಿ, ಇವನ ಬಗ್ಗೆ ಹೇಳಿ ಪ್ರಯೋಜನ ಇಲ್ಲ. ನೀನು? ಒಡಹುಟ್ಟಿದವಳು! ಅಣ್ಣನ ಸ್ವರ ಯಾವುದು, ಮಂಗನ ಸ್ವರ ಯಾವುದು ಅಂತ ನಿನಗೆ ಗೊತ್ತಾಗಲಿಲ್ಲವಾ?’

ಇದನ್ನು ನಾನು ಬರೆಯುತ್ತಿರುವುದು ಹಡಗಿನ ಹೊಟ್ಟೆಯೊಳಗಿನ ಒಂದು ಕ್ಯಾಬಿನ್ನಿನಲ್ಲಿ, ಮೇಲಿನ ಬಂಕಿನಲ್ಲಿ ಮಲಗಿಕೊಂಡು. ಆದ್ದರಿಂದ ಆ ಸಂಜೆ ಯಾರು ಗೆದ್ದರು ಎಂದು ನೀವು ಊಹಿಸಬಹುದು. ಅಮ್ಮನ ಉತ್ತರ ಕೇಳಿದ ಮೇಲೆ ಮಾವ ಕುರ್ಚಿ ಹಿಂದಕ್ಕೆ ತಳ್ಳಿದರು. ಎದ್ದು ಅಡುಗೆಮನೆಯ ಕಡೆ ಹೋದರು, ತಾವೇ ಕೈಯಲ್ಲಿ ಹಿಡಿದುಕೊಂಡು ಒಂದು ತಟ್ಟೆ ಊಟ ತಂದು ತಂಗಿಯ ಮುಂದೆ ಇಟ್ಟರು, ನನ್ನ ತಲೆಗೆ ಒಂದು ಮೊಟಕಿ ಗಲ್ಲಾಕ್ಕೆ ವಾಪಸಾದರು. ಅದೇ ನನಗೆ ಸಿಕ್ಕ ಆಶೀರ್ವಾದ. ಇಲ್ಲಿ ರಾತ್ರಿಯೂಟಕ್ಕೆ ಸಾವಿರಾರು ಜನ ಕೂತಿರುವಾಗ, ಆ ಗಾಜಿನ ದೀಪದ ಕೆಳಗೆ ಐದು ತಟ್ಟೆ ಹಿಡಿದು ನಿಂತು ನಾನು ಬೆರಗಾಗುತ್ತೇನೆ. ಸಮುದ್ರ ನೋಡಿಯೂ ಬೆರಗಾಗುತ್ತೇನೆ. ಆದರೆ ಮನಸ್ಸಿನಲ್ಲಿ ಜಂಬ ಏಳುವಾಗೆಲ್ಲ, ಇಡೀ ಮುಂಬೈಗೆ ಟೋಪಿ ಹಾಕಿದೆ ಎಂದು ತಿಳಿದು ಹಿಟ್ಟಿನ ವ್ಯಾನಿನ ಹಿಂದೆ ದಿನವಿಡೀ ಬೆವರಿದ ಆ ಕಲಾವಿದ ನೆನಪಾಗುತ್ತಾನೆ. ಮುಂದಿನ ಸೀಟಿನಲ್ಲಿ ತಣ್ಣಗೆ ಕೂತಿದ್ದ ಅಮ್ಮ ನೆನಪಾಗುತ್ತಾಳೆ. ಎಲ್ಲರ ಸ್ವರ ತೆಗೆಯುವ ನನಗೆ ಅವಳ ಸ್ವರ ಇವತ್ತಿನವರೆಗೂ ಬಂದಿಲ್ಲ. ಅವತ್ತು ಅವಳು ಕಾಫಿಯ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಅಣ್ಣನ ಮುಖ ನೋಡಿ ಹೇಳಿದ್ದು ಅಕ್ಷರಶಃ ಇಷ್ಟು:

‘ಗೊತ್ತಾಗದೆ ಎಂತ ಅಣ್ಣ? ಫೋನು ಮಾಡಿದವ ಮೊದಲು ಕೇಳಿದ್ದೇ, ತಂಗಿ, ನಿನ್ನ ಊಟ ಆಯ್ತಾ ಅಂತ. ಆಗಲೇ ಗೊತ್ತಾಯಿತು ಇದು ನೀನಲ್ಲ ಅಂತ. ಆದರೆ ಅಷ್ಟು ಒಳ್ಳೆಯ ಅಣ್ಣ ನನಗೆ ಜನ್ಮದಲ್ಲಿ ಒಂದು ಸಲ ಸಿಕ್ಕಿದ್ದ, ಅವನ ಮಾತು ಮೀರಲಿಕ್ಕೆ ಮನಸ್ಸು ಬರಲಿಲ್ಲ.’